ಬೆನ್ನಿಗೆ ಚಳಿ ಹತ್ತುವುದು ನೆಲದಿಂದ: ಗಾಳಿ ತುಂಬುವ ಪ್ಯಾಡ್ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಶಿಕ್ಷಕಿ):
ನಮಸ್ಕಾರ ಸರ್. ಚಿಕ್ಕಮಗಳೂರಿನಲ್ಲಿ ಟೆಂಟು, ಹಾಸುಗಳನ್ನು ಬಾಡಿಗೆಗೆ ಕೊಡುವ, ರಿಪೇರಿ ಮಾಡುವ ಕೆಲಸದಲ್ಲೇ ಇರುವವರು ನೀವು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಡಿಸೆಂಬರ್ ಕೊನೆಯ ವಾರ ನಾನು ಮತ್ತು ತಮ್ಮ ಉತ್ತರಾಖಂಡದ ಕೇದಾರಕಂಠ ಶಿಖರದ ಚಾರಣಕ್ಕೆ ಹೊರಟಿದ್ದೇವೆ. ಟೆಂಟ್, ಸ್ಲೀಪಿಂಗ್ ಬ್ಯಾಗ್ ಅಲ್ಲಿಯೇ ಸಿಗುತ್ತವೆ, ಕೆಳಗೆ ಹಾಸಿಕೊಳ್ಳುವುದನ್ನು ನೀವೇ ತನ್ನಿ ಎಂದು ಚಾರಣದ ಆಯೋಜಕರು ಹೇಳಿದ್ದಾರೆ. ಹೋದ ಜನವರಿಯಲ್ಲಿ ಮುಳ್ಳಯ್ಯನಗಿರಿ ತಪ್ಪಲಿನ ಒಂದು ಎಸ್ಟೇಟಿನಲ್ಲಿ ಟೆಂಟ್ ಹಾಕಿ ಮಲಗಿದ್ದೆ. ಐದು ಡಿಗ್ರಿಯವರೆಗೆ ತಡೆಯುತ್ತದೆ ಎಂದು ಬರೆದಿದ್ದ ಸ್ಲೀಪಿಂಗ್ ಬ್ಯಾಗ್, ಅಡಿಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಗಾಳಿ ಪ್ಯಾಡ್. ಎದೆ ಬೆಚ್ಚಗಿತ್ತು, ಬೆನ್ನು ಮತ್ತು ಸೊಂಟ ಬೆಳಗಿನವರೆಗೂ ಕೊರೆಯುತ್ತಿದ್ದವು. ಸ್ಲೀಪಿಂಗ್ ಬ್ಯಾಗೇ ಕಳಪೆಯೇ? ನಾನು ಮಗ್ಗುಲಾಗಿ ಮಲಗುವವಳು. ಏಳು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಬೆನ್ನ ಮೇಲೆ ಹೊರಬೇಕಾದ್ದರಿಂದ ಹಗುರವಾಗಿಯೂ ಇರಬೇಕು.

ಉತ್ತರ:
ನಮಸ್ಕಾರ ಮೇಡಂ. ಸ್ಲೀಪಿಂಗ್ ಬ್ಯಾಗಿನ ಮೇಲೆ ತಪ್ಪು ಹೊರಿಸಬೇಡಿ. ಅದರೊಳಗಿನ ನಾರು ಉಬ್ಬಿಕೊಂಡು ನಿಂತಾಗ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಮೈಭಾರ ಬಿದ್ದ ಕಡೆ ಆ ನಾರು ಚಪ್ಪಟೆಯಾಗಿ ಹೋಗುತ್ತದೆ. ಮೇಲಿನ ಅರ್ಧ ಹೊದಿಕೆಯಾಗಿ ಕೆಲಸ ಮಾಡುತ್ತಿರುತ್ತದೆ, ಕೆಳಗಿನ ಅರ್ಧ ಬರೀ ಬಟ್ಟೆ. ನೆಲ ರಾತ್ರಿಯೆಲ್ಲ ನಿಮ್ಮ ಮೈಶಾಖವನ್ನು ಹೀರುತ್ತಲೇ ಇರುತ್ತದೆ. ಮಲೆನಾಡಿನ ಹಿರಿಯರು ಎರಡು ಕಂಬಳಿ ಇದ್ದರೆ ಒಂದನ್ನು ಅಡಿಗೆ ಹಾಸಿ ಒಂದನ್ನು ಹೊದೆಯುತ್ತಿದ್ದುದು ಇದನ್ನು ಅನುಭವದಿಂದ ಬಲ್ಲವರಾಗಿದ್ದರಿಂದ.

ನಿಮ್ಮ ಹಳೆಯ ಪ್ಯಾಡ್ ಮೂರು ಇಂಚು ದಪ್ಪವಿದ್ದಿರಬಹುದು. ಆದರೆ ಬರೀ ಗಾಳಿ ತುಂಬಿದ ಚೀಲದೊಳಗೆ ಆ ಗಾಳಿ ಸುಮ್ಮನೆ ನಿಲ್ಲುವುದಿಲ್ಲ. ನಿಮ್ಮ ಮೈಗೆ ತಾಗಿ ಬೆಚ್ಚಗಾದದ್ದು ನೆಲದ ಕಡೆಗೆ ಸುತ್ತಿ ಬಂದು ತಣ್ಣಗಾಗುತ್ತದೆ. ಈ ಓಡಾಟವನ್ನು ತಡೆಯಲು ಒಳ್ಳೆಯ ಪ್ಯಾಡ್‌ಗಳ ಒಳಗೆ ಸಿಂಥೆಟಿಕ್ ನಾರನ್ನೋ ಶಾಖವನ್ನು ಹಿಂದಿರುಗಿಸುವ ತೆಳು ಹಾಳೆಗಳನ್ನೋ ಇಟ್ಟಿರುತ್ತಾರೆ. ದಪ್ಪ ನೋಡಿ ಬೆಚ್ಚಗಿರುತ್ತದೆ ಎಂದುಕೊಂಡು ಮೋಸಹೋದ ಗಿರಾಕಿಗಳು ಪ್ರತಿ ಚಳಿಗಾಲವೂ ನನ್ನ ಅಂಗಡಿಗೆ ಬರುತ್ತಾರೆ. ಅವರ ಮುಖ ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ನೋಡಬೇಕಾದ ಅಂಕಿ ಆರ್-ವ್ಯಾಲ್ಯೂ. ಶಾಖ ಕೆಳಕ್ಕೆ ಸೋರದಂತೆ ಪ್ಯಾಡ್ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು, ಹೆಚ್ಚಿದ್ದಷ್ಟೂ ಒಳ್ಳೆಯದು. ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಅಳೆದುಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಂಬ ಸಂಸ್ಥೆಯ ಎಫ್3340 ಮಾನದಂಡ ಬಂದಿತು. ಒಂದು ಬಿಸಿ ತಟ್ಟೆ, ಒಂದು ತಣ್ಣನೆಯ ತಟ್ಟೆ, ನಡುವೆ ಪ್ಯಾಡ್ ಇಟ್ಟು ಅಳೆಯುತ್ತಾರೆ. ಪೆಟ್ಟಿಗೆಯ ಮೇಲೆ ಈ ಮಾನದಂಡದ ಹೆಸರು ಇದ್ದರೆ ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸಬಹುದು. ಆರ್-ವ್ಯಾಲ್ಯೂ ಎಂದು ಬರೆದು ಮಾನದಂಡ ಹೇಳದ ಅಗ್ಗದ ಪ್ಯಾಡ್‌ಗಳ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಗುಡ್ಡಗಳ ಜನವರಿಯ ರಾತ್ರಿಗೆ 2ರಿಂದ 3 ಸಾಕು. ಮುಳ್ಳಯ್ಯನಗಿರಿ 1,930 ಮೀಟರ್, ಕೇದಾರಕಂಠ ಸುಮಾರು 3,800. ಅಲ್ಲಿ ಹಿಮದ ಮೇಲೆಯೇ ಟೆಂಟ್ ಹಾಕಬೇಕಾಗಬಹುದು. ನಿಮಗೆ ಕಡಿಮೆಯೆಂದರೂ 4 ಬೇಕು, ನಾನು 5 ಎನ್ನುತ್ತೇನೆ. ಹೆಂಗಸರಿಗೆ ಸಾಮಾನ್ಯವಾಗಿ ಚಳಿ ಬೇಗ ತಟ್ಟುತ್ತದೆ, ನಿಮಗೆ ಈಗಾಗಲೇ ತಟ್ಟಿಯೂ ಆಗಿದೆ.

ಹಣದ ವಿಷಯ. ಅಮೆರಿಕದ ಥರ್ಮ್-ಎ-ರೆಸ್ಟ್ ಕಂಪನಿಯ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ 370 ಗ್ರಾಂ ತೂಗಿ 4.5 ಕೊಡುತ್ತದೆ. ಅದ್ಭುತ ವಸ್ತು, ಆದರೆ ಇಲ್ಲಿಗೆ ಬರುವಷ್ಟರಲ್ಲಿ ಹದಿನೈದು ಸಾವಿರ ದಾಟಿರುತ್ತದೆ. ನಿಮಗೆ ಅದು ಬೇಡ. ಆರ್-ವ್ಯಾಲ್ಯೂಗಳನ್ನು ಕೂಡಿಸಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 3 ಇರುವ ಗಾಳಿ ಪ್ಯಾಡ್ ಒಂದು, ಅದರ ಕೆಳಗೆ ಮಡಚುವ ಫೋಮ್ ಮ್ಯಾಟ್ ಒಂದು. ಒಳ್ಳೆಯ ಫೋಮ್ ಮ್ಯಾಟ್ 2ರ ಹತ್ತಿರ ಕೊಡುತ್ತದೆ. ಅಲ್ಲಿಗೆ 5 ಆಯಿತು. ಸಾಧಾರಣ ಫೋಮ್ ಮ್ಯಾಟ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಅದರ 2 ಪೂರ್ತಿ ಬಾರದಿದ್ದರೂ ನೀವು 4 ದಾಟುತ್ತೀರಿ. ಎರಡೂ ಸೇರಿ ಒಂದು ಕಿಲೋ ಆಸುಪಾಸು ಆಗಬಹುದು, ಅಂದರೆ ದುಬಾರಿ ಪ್ಯಾಡಿಗಿಂತ ಅರ್ಧ ಕಿಲೋಗೂ ಸ್ವಲ್ಪ ಹೆಚ್ಚು ಭಾರ. ಆದರೆ ನಡುದಾರಿಯಲ್ಲಿ ಪಂಕ್ಚರ್ ಆದರೆ ಫೋಮ್ ಕೈಬಿಡುವುದಿಲ್ಲ. ಒಂದೇ ಪ್ಯಾಡ್ ನಂಬಿ ಹಿಮಕ್ಕೆ ಹೋಗುವವರಿಗೆ ನಾನು ಬಾಡಿಗೆಗೂ ಕೊಡುವುದಿಲ್ಲ.

ಮಗ್ಗುಲಾಗಿ ಮಲಗುವವರ ಸೊಂಟದ ಮೂಳೆ ಮತ್ತು ಭುಜ ನೆಲ ಮುಟ್ಟಬಾರದು, ಹಾಗಾಗಿ ಏಳೆಂಟು ಸೆಂಟಿಮೀಟರ್ ದಪ್ಪ ನೋಡಿ. ಅಗಲ ಸಾಮಾನ್ಯವಾಗಿ 51 ಸೆಂಟಿಮೀಟರ್ ಇರುತ್ತದೆ. ಮೊಣಕಾಲು ಮಡಚಿ ಮಲಗುತ್ತೀರಾದರೆ 64ರದ್ದು ನೆಮ್ಮದಿ. ಅಂಗಡಿಯಲ್ಲಿ ಗಾಳಿ ತುಂಬಿಸಿ ಹತ್ತು ನಿಮಿಷವಾದರೂ ಮಲಗಿ ನೋಡಿ, ಸಂಕೋಚ ಬೇಡ. ಕೆಲವು ಪ್ಯಾಡ್‌ಗಳು ಹೊರಳಿದಾಗಲೆಲ್ಲ ಚಿಪ್ಸ್ ಪೊಟ್ಟಣದಂತೆ ಸದ್ದು ಮಾಡುತ್ತವೆ. ಪಕ್ಕದಲ್ಲಿ ಮಲಗುವ ತಮ್ಮನ ನಿದ್ದೆಯನ್ನೂ ಯೋಚಿಸಿ.

ಪ್ರಶ್ನೆ (ಮೂಡಿಗೆರೆಯ ಕಾಫಿ ಬೆಳೆಗಾರರು):
ಅಣ್ಣ, ನಮ್ಮ ತೋಟಕ್ಕೆ ಬರುವ ಅತಿಥಿಗಳಿಗೆಂದು ನಾಲ್ಕು ಪ್ಯಾಡ್ ತಂದೆ. ಎರಡು ಮಳೆಗಾಲದೊಳಗೆ ಮುಗ್ಗಲು ವಾಸನೆ. ಎರಡು ಪಂಕ್ಚರ್ ಬೇರೆ. ಬಟ್ಟೆ ಯಾವುದಿರಬೇಕಿತ್ತು?

ಉತ್ತರ:
ಡೀನಿಯರ್ ನೋಡಿ ಅಣ್ಣ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೀನಿಯರ್. 20 ಡೀನಿಯರ್ ಎಂದರೆ ತೀರ ತೆಳು, ಹೊರುವವರಿಗೆ ಹಗುರ. ನಿಮ್ಮದು ಹೊರುವ ಕೆಲಸವೇ ಅಲ್ಲ, ಟೆಂಟಿನ ಬಾಗಿಲವರೆಗೆ ಜೀಪು ಹೋಗುತ್ತದೆ. 75ರದ್ದನ್ನು ಧಾರಾಳವಾಗಿ ಕೊಳ್ಳಿ.

ತೋಟದಲ್ಲಿ ಶತ್ರು ಎಂದರೆ ಮುಳ್ಳಿಗಿಂತ ಕಸಿ ಮಾಡಿದ, ಅಂದರೆ ಗಿಡ ಸವರಿದಾಗ ಬಿದ್ದ, ಕಾಫಿ ಕಡ್ಡಿ. ಓರೆಯಾಗಿ ಕತ್ತರಿಸಿ ಬಿದ್ದ ಒಣ ಕಡ್ಡಿ ಸೂಜಿಯಂತಿರುತ್ತದೆ, ಮೇಲೆ ಸಿಲ್ವರ್ ಓಕ್ ಎಲೆ ಉದುರಿ ಕಣ್ಣಿಗೂ ಕಾಣುವುದಿಲ್ಲ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಕೈಯಾಡಿಸಿ ನೋಡದೆ ಟೆಂಟ್ ಹಾಕಿ, ರಾತ್ರಿ ಎರಡು ಗಂಟೆಗೆ ಬರಿನೆಲದ ಮೇಲೆ ಎಚ್ಚರಗೊಂಡಿದ್ದೇನೆ. ಆ ರಾತ್ರಿಯಿಂದ ಟೆಂಟ್ ಬಿಚ್ಚುವ ಮೊದಲು ಮಂಡಿಯೂರಿ ಅಂಗೈಯಿಂದ ನೆಲ ಸವರುವುದು ನನಗೆ ರೂಢಿ. ಕಾಫಿ ಒಣಗಿಸುವ ಸಿಮೆಂಟಿನ ಕಣದ ಮೇಲೆ ಟೆಂಟ್ ಹಾಕಿಸಿದರೆ ಪಂಕ್ಚರ್ ತಪ್ಪುತ್ತದೆ, ಆದರೆ ಸಿಮೆಂಟು ಮಣ್ಣಿಗಿಂತಲೂ ಕೊರೆಯುತ್ತದೆ. ಅಡಿಗೆ ಟಾರ್ಪಾಲು, ಅದರ ಮೇಲೆ ಫೋಮ್ ಇರಲಿ.

ಮುಗ್ಗಲಿಗೆ ಕಾರಣ ಅತಿಥಿಗಳ ಉಸಿರು. ಬಾಯಿಂದ ಊದಿದಾಗ ಹಬೆಯೂ ಒಳಗೆ ಹೋಗುತ್ತದೆ, ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ಅದು ಆರುವುದೇ ಇಲ್ಲ. ಪ್ಯಾಡ್ ಜೊತೆ ಬರುವ ಗಾಳಿ ಚೀಲ ಬಳಸಿ. ಚೀಲದ ಬಾಯಿಯನ್ನು ತುಸು ದೂರ ಹಿಡಿದು ಒಮ್ಮೆ ಊದಿದರೆ ಸುತ್ತಲಿನ ಗಾಳಿಯೂ ಸೇರಿ ತಾನೇ ತುಂಬಿಕೊಳ್ಳುತ್ತದೆ, ಸುರುಳಿ ಸುತ್ತಿ ಪ್ಯಾಡಿಗೆ ದೂಡುವುದಷ್ಟೆ. ಮಳೆಗಾಲದಲ್ಲಿ ಪ್ಯಾಡನ್ನು ಮಡಚಿ ಮೂಟೆ ಕಟ್ಟಬೇಡಿ. ವಾಲ್ವ್ ತೆರೆದು, ಅಡುಗೆಮನೆಯ ಬೆಚ್ಚನೆಯ ಗೋಡೆಯ ಕಡೆ, ಒಲೆಯಿಂದ ದೂರವಾಗಿ ತೂಗುಹಾಕಿ.

ಪ್ರಶ್ನೆ (ಸಕಲೇಶಪುರದ ವಿದ್ಯಾರ್ಥಿ):
ಸರ್, ನಾನು ಹೊಸ ಪ್ಯಾಡ್ ಕೊಂಡಿದ್ದೇನೆ. ಸಂಜೆ ಗಟ್ಟಿಯಾಗಿ ಊದಿರುತ್ತೇನೆ, ಬೆಳಗಿನ ಜಾವಕ್ಕೆ ಮೆತ್ತಗಾಗಿರುತ್ತದೆ. ತೂತು ಎಲ್ಲಿದೆ ಎಂದು ಹೇಗೆ ಹುಡುಕುವುದು? ಇನ್ನೊಂದು, ಕುದುರೆಮುಖದ ಮೇಲೆ ರಾತ್ರಿ ಟೆಂಟ್ ಹಾಕಬಹುದೇ?

ಉತ್ತರ:
ಎರಡನೆಯದಕ್ಕೆ ಮೊದಲು. ಹಾಕುವಂತಿಲ್ಲ. ಅದು ರಾಷ್ಟ್ರೀಯ ಉದ್ಯಾನ, ಅನುಮತಿ ಪಡೆದು ಹಗಲಿನಲ್ಲಿ ಹತ್ತಿ ಸಂಜೆಯೊಳಗೆ ಇಳಿಯಬೇಕು. ಕಾಡಿನ ನಿಯಮವನ್ನು ಮುರಿದವರಿಂದ ಉಳಿದ ಚಾರಣಿಗರಿಗೂ ದಾರಿ ಮುಚ್ಚುತ್ತದೆ, ದಯವಿಟ್ಟು ಯೋಚನೆಯನ್ನೇ ಬಿಡು. ಕೆಳಗಿನ ಊರುಗಳ ಹೋಮ್‌ಸ್ಟೇ ಅಂಗಳದಲ್ಲಿ ಕೇಳಿ ಹಾಕಿಕೊಳ್ಳಬಹುದು.

ಇನ್ನು ಪ್ಯಾಡ್. ಅದು ತೂತಾಗಿಲ್ಲದೆಯೂ ಇರಬಹುದು. 25 ಡಿಗ್ರಿಯಲ್ಲಿ ತುಂಬಿದ ಗಾಳಿ ಸೊನ್ನೆ ಡಿಗ್ರಿಗೆ ಇಳಿದರೆ ಸುಮಾರು ಶೇಕಡ 8ರಷ್ಟು ಕುಗ್ಗುತ್ತದೆ. ಬಾಯಿಂದ ಊದಿದ ಗಾಳಿ ಇನ್ನೂ ಬೆಚ್ಚಗಿರುವುದರಿಂದ ಇನ್ನೂ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಊದಿ ಅರ್ಧ ಗಂಟೆ ಬಿಟ್ಟು, ಮಲಗುವ ಮುಂಚೆ ಎರಡು ಉಸಿರು ಸೇರಿಸು. ಇದರ ತಿರುಗುಮುರುಗೂ ಇದೆ: ಬೆಳಿಗ್ಗೆ ಬಿಸಿಲು ಬಿದ್ದ ಟೆಂಟಿನೊಳಗೆ ಗಟ್ಟಿ ಊದಿದ ಪ್ಯಾಡ್ ಬಿಡಬೇಡ, ಒಳಗಿನ ಅಂಟು ಕಿತ್ತು ಒಂದು ಕಡೆ ಕುಂಬಳಕಾಯಿಯಂತೆ ಉಬ್ಬಿಬಿಡುತ್ತದೆ. ಅದನ್ನು ನಾನು ರಿಪೇರಿ ಮಾಡಲಾರೆ.

ಖಚಿತವಾಗಬೇಕೆಂದರೆ ಮನೆಯಲ್ಲಿ ಊದಿ, ಮೇಲೆ ಪುಸ್ತಕದ ಹೊರೆ ಇಟ್ಟು ಒಂದು ರಾತ್ರಿ ಬಿಡು. ಬೆಳಿಗ್ಗೆ ನೆಲ ಮುಟ್ಟಿದ್ದರೆ ತೂತಿದೆ. ಸಾಬೂನು ನೊರೆಯನ್ನು ಮೊದಲು ವಾಲ್ವಿಗೆ, ಆಮೇಲೆ ಅಂಚುಗಳಿಗೆ, ಕೊನೆಗೆ ಮೈಗೆ ಸವರಿ ಗುಳ್ಳೆ ನೋಡು. ಎಷ್ಟೋ ಸಲ ವಾಲ್ವಿನಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣವೇ ಕಾರಣವಾಗಿರುತ್ತದೆ. ತೂತು ಸಿಕ್ಕರೆ ಸೈಕಲ್ ಅಂಗಡಿಯ ಸೊಲ್ಯೂಷನ್ ಹಚ್ಚಬೇಡ, ಅದು ರಬ್ಬರ್ ಟ್ಯೂಬಿಗೆ, ಪ್ಯಾಡಿನ ಟಿಪಿಯು ಎಂಬ ಪ್ಲಾಸ್ಟಿಕ್ ಲೇಪದ ಬಟ್ಟೆಗೆ ಹಿಡಿಯುವುದಿಲ್ಲ. ಫೆವಿಕ್ವಿಕ್ ಒಣಗಿ ಗಡುಸಾಗಿ, ಮಡಚಿದಾಗ ಬಿರಿಯುತ್ತದೆ. ಸ್ಪಿರಿಟ್ ಅಥವಾ ಸ್ಯಾನಿಟೈಸರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ಯಾಡ್ ಜೊತೆ ಬಂದ ಪ್ಯಾಚ್ ಅಂಟಿಸಿ, ಮೇಲೆ ಭಾರ ಇಡು.

ಪ್ರಶ್ನೆ (ಹಾಸನದ ಶಿಕ್ಷಕಿ, ಹನ್ನೆರಡು ದಿನಗಳ ನಂತರ):
ಸರ್, 3.1 ಆರ್-ವ್ಯಾಲ್ಯೂ ಇರುವ ಪ್ಯಾಡ್ ಮತ್ತು ಒಂದು ಫೋಮ್ ಮ್ಯಾಟ್ ಕೊಂಡೆ. ನಿನ್ನೆ ರಾತ್ರಿ ಮನೆಯ ತಾರಸಿಯ ಮೇಲೆ ಮಲಗಿ ನೋಡಿದೆ. ಬೆನ್ನಿಗೆ ಚಳಿಯೇ ಇಲ್ಲ. ಆದರೆ ಎರಡು ಸಲ ಪ್ಯಾಡ್ ಜಾರಿ ಪಕ್ಕಕ್ಕೆ ಹೋಯಿತು. ಫೋಮ್ ಮೇಲಿಟ್ಟು ಪ್ಯಾಡ್ ಕೆಳಗೆ ಹಾಕಲೇ?

ಉತ್ತರ:
ತಾರಸಿಯ ಮೇಲೆ ಮಲಗಿ ನೋಡಿದ್ದು ಬಹಳ ಸಂತೋಷ ಮೇಡಂ, ನೂರರಲ್ಲಿ ಒಬ್ಬರೂ ಹಾಗೆ ಮಾಡುವುದಿಲ್ಲ. ಫೋಮ್ ಕೆಳಗೇ ಇರಲಿ, ಅದು ಪ್ಯಾಡಿಗೆ ಕವಚ. ಪ್ಯಾಡಿನ ಗಾಳಿ ಸ್ವಲ್ಪ ಇಳಿಸಿ. ಮಗ್ಗುಲಾಗಿ ಮಲಗಿದಾಗ ಸೊಂಟ ನೆಲದಿಂದ ಎರಡು ಬೆರಳು ಮೇಲೆ ಇದ್ದರೆ ಸಾಕು, ಚೆಂಡಿನಷ್ಟು ಗಟ್ಟಿ ಬೇಡ, ಜಾರುವುದು ಅದರಿಂದಲೇ. ಆಗಲೂ ಜಾರಿದರೆ ಎರಡನ್ನೂ ಸೇರಿಸಿ ಭುಜದ ಬಳಿ ಒಂದು, ಮಂಡಿಯ ಬಳಿ ಒಂದು ಅಗಲ ಎಲಾಸ್ಟಿಕ್ ಪಟ್ಟಿ ಹಾಕಿ. ಹಾಸನದ ಯಾವ ಟೈಲರ್ ಸಾಮಾನಿನ ಅಂಗಡಿಯಲ್ಲಾದರೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತಮ್ಮನಿಗೂ ಒಂದು ಜೊತೆ ಹೊಲಿದುಕೊಳ್ಳಿ.