ಪಂಪ್‌ಸೆಟ್ ಡಬ್ಬಿ: ಚೀನಾದಲ್ಲಾ, ಮೈಸೂರಲ್ಲಾ?

ಮಂಡ್ಯದಿಂದ: ಫೋನಿನಲ್ಲೇ ಪಂಪ್‌ಸೆಟ್ ಆನ್ ಮಾಡುವ ಸಾಧನ ಮಾಡುತ್ತಿದ್ದೇನೆ. ಮೊದಲ 200 ಪೀಸ್ ಎಲ್ಲಿ ಮಾಡಿಸಲಿ? ಚೀನಾದಲ್ಲಿ ಅಗ್ಗ.

ಮೈಸೂರಿನ ಕೂರ್ಗಳ್ಳಿಯಿಂದ: ನಾನೂ ಅಗ್ಗ ಅಂತ ಅಲ್ಲೇ ಮಾಡಿಸಿದ್ದೆ. ವೈರ್ ತೂತು ಡಬ್ಬಿಯ ಮೇಲ್ಗಡೆ ಬಂತು. ಮಳೆ ನೀರು ಸೀದಾ ರಿಲೇ (ಪಂಪ್ ಆನ್-ಆಫ್ ಮಾಡುವ ಸ್ವಿಚ್) ಮೇಲೆ! ತಪ್ಪು ನನ್ನ ಡ್ರಾಯಿಂಗ್‌ದೇ, ಆದರೆ ಗೊತ್ತಾಗಿದ್ದು 300 ಪೀಸ್ ಬಂದಿಳಿದ ಮೇಲೆ. ಎರಡನೇ ಸಲ ಮೈಸೂರಿನದೇ ಹೆಬ್ಬಾಳದ ಚಿಕ್ಕ ಶೆಡ್‌ಗೆ ಹೋದೆ. ಮೊದಲ ಪೀಸ್ ತಿರುಗಿಸಿ ನೋಡಿದ ಮೇಸ್ತ್ರಿ, "ಇಷ್ಟು ಸಣ್ಣ ಸ್ಕ್ರೂನ ಗದ್ದೇಲಿ ಕತ್ತಲಲ್ಲಿ ಹೆಂಗ್ ಬಿಚ್ತಾರೆ ಸಾರ್?" ಅಂದರು. ಸಂಜೆಗೆ ಹೊಸ ಪೀಸ್ ರೆಡಿ. ಪೀಸಿಗೆ 40 ರೂಪಾಯಿ ಜಾಸ್ತಿ ಬಿತ್ತು, ಸುಮ್ನೆ ಕೊಟ್ಟೆ.

ಇನ್ನೊಬ್ಬರು: ಚಿಪ್, ಮೋಡೆಮ್ ಹೇಗೂ ಹೊರಗಿನದೇ. ಜೋಡಣೆ, ಟೆಸ್ಟಿಂಗ್ ಇಲ್ಲಿ ಮಾಡಿಸಿ. 200ಕ್ಕೆ ಪ್ಲಾಸ್ಟಿಕ್ ಅಚ್ಚು ಬೇಡ, ಅಚ್ಚಿನ ದುಡ್ಡೇ ಹುಟ್ಟುವುದಿಲ್ಲ. ತಗಡಿನ ಡಬ್ಬಿ ಸಾಕು. ಆಂಟೆನಾ ಮಾತ್ರ ಹೊರಗಿಡಿ, ತಗಡಿನೊಳಗೆ ಸಿಗ್ನಲ್ ಸಿಗುವುದಿಲ್ಲ.

ಮಂಡ್ಯದಿಂದ: ಆಂಟೆನಾ ಒಳಗೇ ಇಟ್ಟಿದ್ದೆ! ಸೋಮವಾರ ಬರುತ್ತೇನೆ. ಆ ಶೆಡ್ ಎಲ್ಲಿ?