ಜೀನ್ ಯಾವ ವರ್ಣತಂತುವಿನಲ್ಲಿದೆ ಎಂದು ಹಿಂದೆ ಹೇಗೆ ಗುರುತಿಸುತ್ತಿದ್ದರು?

ಪ್ರಶ್ನೆ: ಎಂ.ಎಸ್‌ಸಿ ವಿದ್ಯಾರ್ಥಿನಿ, ಧಾರವಾಡ

ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಯ ಜೀನ್ 16ನೆಯ ವರ್ಣತಂತುವಿನಲ್ಲಿಯೂ ಬೀಟಾ ಸರಪಳಿಯದು 11ನೆಯದರಲ್ಲಿಯೂ ಇವೆಯೆಂದು 1977-78ರಲ್ಲಿಯೇ ಗುರುತಿಸಿದ್ದರೆಂದು ಓದಿದೆ. ಮನುಷ್ಯನ ಡಿಎನ್‌ಎಯನ್ನು ಓದುವ ಮಾನವ ಜೀನೋಮ್ ಯೋಜನೆ ಮುಗಿದದ್ದು 2003ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲು ಇಷ್ಟು ಖಚಿತವಾಗಿ ಹೇಳಲು ಹೇಗೆ ಸಾಧ್ಯವಾಯಿತು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಪಿಯು ಉಪನ್ಯಾಸಕ, ಗದಗ

ತಂಗಿ, ಇದಕ್ಕೆ ನೆರವಾದದ್ದು ಸಂಕರ ಕೋಶ. ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು ಬೆಳೆಸಿದರೆ, ಅದು ವಿಭಜನೆಯಾಗುತ್ತ ಹೋದಂತೆ ಇಲಿಯ ವರ್ಣತಂತುಗಳನ್ನು ಉಳಿಸಿಕೊಂಡು ಮನುಷ್ಯನವುಗಳನ್ನು ಕಳೆದುಕೊಳ್ಳುತ್ತದೆ. ಯಾವುದು ಉಳಿಯುತ್ತದೆ ಎಂಬುದು ಒಂದೊಂದು ತಳಿಗೆ (ಒಂದೇ ಸಂಕರ ಕೋಶದಿಂದ ಬೆಳೆದ ಕೋಶಗಳ ಗುಂಪಿಗೆ) ಒಂದೊಂದು ರೀತಿ. ಮೇರಿ ವೈಸ್ ಮತ್ತು ಹೊವರ್ಡ್ ಗ್ರೀನ್ 1967ರಲ್ಲಿ ಇದನ್ನು ತೋರಿಸಿಕೊಟ್ಟರು. ಪ್ರತಿ ತಳಿಯಲ್ಲಿ ಜೀನ್ ಇದೆಯೇ, ಯಾವ ವರ್ಣತಂತುಗಳಿವೆ ಎಂದು ನೋಡಿ, ಎರಡೂ ಒಟ್ಟಿಗೇ ಇದ್ದು ಒಟ್ಟಿಗೇ ಇಲ್ಲವಾಗುವ ಜೋಡಿಯನ್ನು ಹುಡುಕುತ್ತಿದ್ದರು. ಗ್ಲೋಬಿನ್ (ಹಿಮೋಗ್ಲೋಬಿನ್‌ನ ಸರಪಳಿ) ಈ ಕೋಶಗಳಲ್ಲಿ ತಯಾರಾಗುವುದಿಲ್ಲವಾದ್ದರಿಂದ, ಅದರ ಜೀನಿಗೆ ಹೋಗಿ ಅಂಟಿಕೊಳ್ಳುವ ಪೂರಕ ಡಿಎನ್‌ಎ ತುಣುಕನ್ನು ಬಳಸಿ ಜೀನನ್ನೇ ಪತ್ತೆ ಹಚ್ಚಬೇಕಾಯಿತು.

ನಾನು ತರಗತಿಯಲ್ಲಿ ಐದು ಬೆಂಕಿಪೊಟ್ಟಣಗಳಲ್ಲಿ ಜೋಳ, ಕಡಲೆ, ಹೆಸರು, ಅಲಸಂದಿ ಕಾಳುಗಳನ್ನು ಬೇರೆ ಬೇರೆ ಬಗೆಯಲ್ಲಿ ಹಾಕಿಟ್ಟು, ಕೆಲವು ಪೊಟ್ಟಣಗಳ ಮೇಲೆ ಮಾತ್ರ ಕೆಂಪು ಗುರುತು ಮಾಡಿ, ಆ ಗುರುತು ಯಾವ ಕಾಳಿಗೆ ಸೇರಿದ್ದೆಂದು ಹುಡುಕಿಸುತ್ತೇನೆ. ಇಲ್ಲಿ ಪೊಟ್ಟಣವೇ ತಳಿ, ಕಾಳೇ ವರ್ಣತಂತು, ಕೆಂಪು ಗುರುತೇ ಜೀನ್. ಮನುಷ್ಯನಲ್ಲಿರುವುದು 24 ಬಗೆಯ ವರ್ಣತಂತುಗಳು. ಐದು ತಳಿಗಳ ಇದೆ-ಇಲ್ಲಗಳಿಂದ 32 ವಿನ್ಯಾಸಗಳಾಗುತ್ತವೆ. ಆದ್ದರಿಂದ ಜಾಣತನದಿಂದ ಆರಿಸಿದ ಐದೇ ತಳಿಗಳು ಸಾಕು.

ಉತ್ತರ: ಪ್ರಯೋಗಾಲಯದ ತಂತ್ರಜ್ಞೆ, ಹುಬ್ಬಳ್ಳಿ

ಸರ್ ಹೇಳಿದ್ದು ಸರಿ, ಆದರೆ ಪುಸ್ತಕದ ಐದು ತಳಿಗಳನ್ನು ನಿಜವಾದ ಕೋಶಗಳಲ್ಲಿ ನೆಚ್ಚಿಕೊಳ್ಳುವುದು ಕಷ್ಟ. ವರ್ಣತಂತು ಮುರಿದು ತುಂಡೊಂದು ಇನ್ನೊಂದಕ್ಕೆ ಅಂಟಿಕೊಂಡಿದ್ದರೆ ತಾಳೆ ತಪ್ಪುತ್ತದೆ. ಜೀನ್‌ನಂತೆಯೇ ಕಾಣುವ ನಿಷ್ಕ್ರಿಯ ಪ್ರತಿಗಳೂ ದಾರಿ ತಪ್ಪಿಸುತ್ತವೆ: ಬೀಟಾ ಆ್ಯಕ್ಟಿನ್ ಎಂಬ ಪ್ರೋಟೀನಿನ ಕೆಲಸ ಮಾಡುವ ಜೀನ್ ಇರುವುದು 7ನೆಯದರಲ್ಲಿ, ಅದರ ನಿಷ್ಕ್ರಿಯ ಪ್ರತಿಗಳು ಹಲವು ವರ್ಣತಂತುಗಳಲ್ಲಿ ಚೆದುರಿವೆ. ಈಗ ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಣುಕನ್ನು ಸ್ಲೈಡಿನ ಮೇಲೆ ಬಿಟ್ಟರೆ, ನೀಲಿ ಬಣ್ಣ ಹಾಕಿದ ವರ್ಣತಂತುವಿನ ಎರಡು ಎಳೆಗಳ ಮೇಲೂ ಒಂದೇ ಮಟ್ಟದಲ್ಲಿ ಜೋಡಿ ಚುಕ್ಕೆ ಕಾಣುತ್ತದೆ. ಅದನ್ನು ಮೊದಲ ಸಲ ಕಂಡಾಗಿನ ಸಂತೋಷ ನನಗೆ ಇನ್ನೂ ನೆನಪಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಅಕ್ಕಾ, ಮುರಿದ ತುಂಡಿನಿಂದ ಬರೀ ತೊಡಕೇ ಆಗುತ್ತದೆಯೇ?

ತಂತ್ರಜ್ಞೆ, ಹುಬ್ಬಳ್ಳಿ

ಇಲ್ಲ. ಯಾವ ತುಂಡು ಉಳಿದಿದೆ ಎಂದು ಗೊತ್ತಿದ್ದರೆ ಅದರಿಂದಲೇ ಜಾಗ ಇನ್ನಷ್ಟು ಖಚಿತವಾಗುತ್ತದೆ. ಬೀಟಾ ಗ್ಲೋಬಿನ್ ಜೀನ್ 11ನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ (ಎರಡು ಭಾಗಗಳಲ್ಲಿ ಚಿಕ್ಕದರಲ್ಲಿ) ಎಂದು ತಿಳಿದದ್ದು ಹಾಗೆ ಮುರಿದ 11 ಉಳಿದಿದ್ದ ಕೋಶಗಳಿಂದಲೇ.