ನಂದಿ ಬೆಟ್ಟದ ತಾಲೀಮಿಗೆ ಪಂಕ್ಚರ್ ತಡೆಯುವ, ಕೈಗೆಟಕುವ ಟೈರ್ ಯಾವುದು?

ಯಲಹಂಕದ ಬೆಳಗು

ಯಲಹಂಕ ಉಪನಗರದವಳು ನಾನು. ಬ್ಯಾಂಕಿನ ಕೌಂಟರ್‌ನಲ್ಲಿ ಕೆಲಸ. ಹತ್ತು ಗಂಟೆಗೆ ಕುರ್ಚಿಯಲ್ಲಿ ಇರಲೇಬೇಕು. ಅದಕ್ಕೆ ಮೊದಲು ಸಿಗುವ ಹೊತ್ತೇ ನನ್ನ ತಾಲೀಮು. ವಾರದ ದಿನಗಳಲ್ಲಿ ರಾಜಾನುಕುಂಟೆ ಕಡೆಗೆ, ಭಾನುವಾರ ದೇವನಹಳ್ಳಿಯ ಮೇಲೆ ನಂದಿ ಬೆಟ್ಟಕ್ಕೆ. ಡಿಸೆಂಬರ್‌ನಲ್ಲಿ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮುಗಿಸುವ ಆಸೆಯಿದೆ. ಅದಕ್ಕೆ ಕೊಡುವ ಅವಧಿ ಹದಿಮೂರೂವರೆ ಗಂಟೆ. ನನ್ನ ವೇಗಕ್ಕೆ ಅಷ್ಟು ಸಾಕು. ರಸ್ತೆ ಬದಿ ಕುಳಿತು ಟ್ಯೂಬ್ ಬದಲಿಸುತ್ತಿದ್ದರೆ ಮಾತ್ರ ಸಾಲದು.

ಸೈಕಲ್ ಸಾಮಾನ್ಯದ್ದು: ಅಲ್ಯೂಮಿನಿಯಂ ಚೌಕಟ್ಟು, ರಿಮ್ ಬ್ರೇಕ್, ಜೊತೆಯಲ್ಲೇ ಬಂದ 700×25 (25 ಮಿ.ಮೀ. ಅಗಲದ) ಟೈರ್. ಈ ಬೇಸಿಗೆಯಿಂದ ಹಿಂದಿನ ಚಕ್ರಕ್ಕೆ ಪಂಕ್ಚರ್ ತಪ್ಪಿದ್ದೇ ಇಲ್ಲ ಎನ್ನಬಹುದು. ದೊಡ್ಡಬಳ್ಳಾಪುರ ರಸ್ತೆಯ ಪಂಕ್ಚರ್ ಅಂಗಡಿಯ ಅಜ್ಜ ನನ್ನ ಸಣ್ಣ ವಾಲ್ವ್ ನೋಡಿ ಪ್ರತಿ ಸಲವೂ ನಗುತ್ತಾರೆ, ನಂತರ ಪ್ಯಾಚ್ ಹಾಕಿ ಕೊಡುತ್ತಾರೆ. ಸೈಕಲ್ ಅಂಗಡಿಯೊಂದರಲ್ಲಿ ರೇಸ್ ಟೈರ್ ಜೋಡಿ ತೋರಿಸಿದರು. ಆ ಬೆಲೆಯಲ್ಲಿ ನನ್ನ ಸ್ಕೂಟರಿನ ಎರಡೂ ಟೈರ್ ಬದಲಿಸಿ ಇನ್ನೂ ಚಿಲ್ಲರೆ ಉಳಿಸಿಕೊಳ್ಳಬಹುದಿತ್ತು.

ಎರಡು ಟೈರಿಗೂ ಸೇರಿ ಐದು ಸಾವಿರ ರೂಪಾಯಿ ದಾಟಲಾರೆ. ನನ್ನ ತೂಕ 58 ಕೆ.ಜಿ. ವೇಗ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ; ಬಾಳಿಕೆ ಬರಬೇಕು, ಚುಚ್ಚಿಸಿಕೊಳ್ಳಬಾರದು. ಬಲ್ಲವರು ಹೇಳಿ.

ಕನಕಪುರ ರಸ್ತೆ

ಕಾಂಟಿನೆಂಟಲ್ ಗೇಟರ್‌ಸ್ಕಿನ್ ಹಾಕಿ, ಮರೆತುಬಿಡಿ. ನಮ್ಮ ಕಡೆ ಅರ್ಧ ಜನ ಅದರಲ್ಲೇ ಓಡಿಸುತ್ತಾರೆ.

ಜಾಲಹಳ್ಳಿ ಫಿಟರ್

ಮೇಲಿನವರು ಹೇಳಿದ ಟೈರ್ ಒಳ್ಳೆಯದೇ. ಆದರೆ ಚುಚ್ಚಿದ್ದು ಏನು ಎಂದು ಕೇಳದೆ ಟೈರಿನ ಹೆಸರು ಹೇಳುವುದು ನನಗೆ ಸರಿಬೀಳುವುದಿಲ್ಲ. ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನು ನಾನು. ಮುರಿದ ಭಾಗವನ್ನು ಕೈಯಲ್ಲಿ ಹಿಡಿದು ನೋಡದೆ ಹೊಸದಕ್ಕೆ ಚೀಟಿ ಬರೆದರೆ ಮೇಸ್ತ್ರಿ ಬೈಯುತ್ತಿದ್ದರು.

ಪ್ಯಾಚ್ ಹಾಕಿದ ಹಳೆಯ ಟ್ಯೂಬ್‌ಗಳು ಮನೆಯಲ್ಲಿರಬೇಕಲ್ಲ? ತೆಗೆದು ಗಾಳಿ ತುಂಬಿಸಿ ನೋಡಿ.

ಪಕ್ಕಪಕ್ಕದಲ್ಲಿ ಎರಡು ಸೀಳು ಇದ್ದರೆ ಏನೂ ಚುಚ್ಚಿಲ್ಲ ಎಂದರ್ಥ. ಗಾಳಿ ಕಡಿಮೆಯಿದ್ದು, ಹಳ್ಳಕ್ಕೆ ಬಿದ್ದಾಗ ಟ್ಯೂಬ್ ರಿಮ್ಮಿನ ಅಂಚಿಗೂ ರಸ್ತೆಗೂ ನಡುವೆ ಸಿಕ್ಕಿ ಕತ್ತರಿಸಿದೆ. ಅದಕ್ಕೆ ದುಬಾರಿ ಟೈರ್ ಔಷಧವಲ್ಲ. ತೂತು ಟ್ಯೂಬಿನ ಒಳಮೈಯಲ್ಲಿ, ಅಂದರೆ ಸ್ಪೋಕ್‌ಗಳ ಕಡೆಗಿದ್ದರೆ ರಿಮ್ ಟೇಪ್, ಅಂದರೆ ರಿಮ್ಮಿನ ಸ್ಪೋಕ್ ತೂತುಗಳನ್ನು ಮುಚ್ಚುವ ಪಟ್ಟಿ, ಸರಿದಿದೆ. ಸ್ಪೋಕ್ ತೂತಿನ ಚೂಪು ಅಂಚು ಟ್ಯೂಬನ್ನು ತಿನ್ನುತ್ತಿದೆ. ಟೇಪ್ ಬದಲಿಸಿದರೆ ಮುಗಿಯಿತು. ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಮಾತ್ರ ಟೈರಿನ ಮಾತು ಬರುತ್ತದೆ.

ನಿಮ್ಮ ಹಾದಿಯಲ್ಲಿ ಅದಕ್ಕೆ ಇಬ್ಬರು ಶತ್ರುಗಳು. ಮೊದಲನೆಯದು ತಂತಿ. ನೀವು ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆ ಎಂದರೆ ಹೈದರಾಬಾದಿನ ಕಡೆಯ ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ 44. ಲಾರಿಯ ರೇಡಿಯಲ್ ಟೈರ್ ಒಡೆದಾಗ ಅದರೊಳಗಿನ ಉಕ್ಕಿನ ಎಳೆಗಳು ಚೂರಾಗಿ ರಸ್ತೆಯ ಅಂಚಿಗೆ ಸೇರುತ್ತವೆ, ನಾವು ತುಳಿಯುವುದೂ ಅದೇ ಅಂಚಿನಲ್ಲಿ. ಕೂದಲಿನಷ್ಟು ಸಣ್ಣ ಎಳೆ ರಬ್ಬರಿನಲ್ಲಿ ಸಿಕ್ಕಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ಹೊಸ ಟ್ಯೂಬ್ ಹಾಕಿದ ಅರ್ಧ ಗಂಟೆಗೆ ಅದನ್ನೂ ಚುಚ್ಚುತ್ತದೆ. ಎರಡನೆಯದು ನೆಗ್ಗಿಲು ಮುಳ್ಳು. ಹಳ್ಳಿಯ ರಸ್ತೆಯ ಮಗ್ಗುಲಲ್ಲಿ ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಸಣ್ಣ ಗಿಡ. ಕಾಯಿ ಒಣಗಿ ಒಡೆದರೆ ಪ್ರತಿ ಚೂರೂ ಹೇಗೆ ಬಿದ್ದರೂ ಒಂದು ಮುಳ್ಳನ್ನು ಮೇಲಕ್ಕೆತ್ತಿ ಕೂರುತ್ತದೆ. ಬೇಸಿಗೆಯಿಂದ ಶುರು ಎಂದಿರಲ್ಲ, ನನ್ನ ಅನುಮಾನ ಇದರ ಮೇಲೂ ಇದೆ. ಫೋಟೊ ತೆಗೆಯಲು ಮಣ್ಣಿಗೆ ಇಳಿಸಿ ಮತ್ತೆ ಡಾಂಬರಿಗೆ ಹತ್ತಿಸುವವರಿಗೆ ಇದರ ಪರಿಚಯ ಚೆನ್ನಾಗಿರುತ್ತದೆ.

ಇನ್ನು ಟೈರ್. ಡಬ್ಬಿಯ ಮೇಲಿನ ಟಿಪಿಐ ಅಂಕಿಗೆ ಮರುಳಾಗಬೇಡಿ. ಅದು ಟೈರಿನ ರಬ್ಬರಿನೊಳಗಿನ ಬಟ್ಟೆಯಲ್ಲಿ ಇಂಚಿಗೆ ಎಷ್ಟು ನೂಲು ಎಂಬ ಲೆಕ್ಕ. ನೂಲು ಹೆಚ್ಚಿದಷ್ಟೂ ಟೈರ್ ಮೃದುವಾಗಿ ಉರುಳುತ್ತದೆ, ಅಷ್ಟೇ. ನೀವು ನೋಡಬೇಕಾದ್ದು ರಬ್ಬರಿನ ಕೆಳಗೆ ರಕ್ಷಣಾ ಪಟ್ಟಿ ಇದೆಯೇ ಎಂದು. ಗೇಟರ್‌ಸ್ಕಿನ್‌ನಲ್ಲಿ ಪಾಲಿಎಕ್ಸ್ ಎಂಬ ಪಟ್ಟಿಯಿದೆ, ಪಕ್ಕೆಗಳಿಗೂ ಜಾಲರಿಯ ಹೊದಿಕೆಯಿದೆ. ಕಲ್ಲಿನ ಅಂಚಿಗೆ ಪಕ್ಕೆ ಸೀಳದಿರಲು ಅದು ಮುಖ್ಯ. ಮಳೆಯಲ್ಲಿ ಅದರ ಹಿಡಿತ ರೇಸ್ ಟೈರಿನಷ್ಟಿರುವುದಿಲ್ಲ, ನಂದಿ ಇಳಿಜಾರಿನ ತಿರುವುಗಳಲ್ಲಿ ನೆನಪಿರಲಿ. ಶ್ವಾಲ್ಬೆಯವರ ಲುಗಾನೊದಲ್ಲಿ ಕೆ-ಗಾರ್ಡ್ ಪಟ್ಟಿಯಿದೆ, ಅದು ಅಗ್ಗದ ದರ್ಜೆ. ಅವರದ್ದೇ ಮ್ಯಾರಥಾನ್ ಪ್ಲಸ್ 5 ಮಿ.ಮೀ. ದಪ್ಪದ ರಬ್ಬರ್ ಪದರ ಇಟ್ಟುಕೊಂಡು ಬರುತ್ತದೆ. ತಂತಿಗೂ ಮುಳ್ಳಿಗೂ ಜಗ್ಗುವುದಿಲ್ಲ ನಿಜ, ಆದರೆ ತೂಕ ಮಿತಿಮೀರಿದ್ದು. ಊರು ಸುತ್ತುವ ಸೈಕಲ್ಲಿಗೆ ಸರಿ. ನಂದಿ ಏರಿನಲ್ಲಿ ನೀವೇ ನನ್ನನ್ನು ಶಪಿಸುತ್ತೀರಿ. ಕಾಂಟಿನೆಂಟಲ್ ಅಲ್ಟ್ರಾ ಸ್ಪೋರ್ಟ್ ಚೆನ್ನಾಗಿ ಉರುಳುತ್ತದೆ, ಬೆಲೆಯೂ ಹಿತ. ಚುಚ್ಚುವಿಕೆಯ ತಡೆಯನ್ನು ಅದರಿಂದ ಹೆಚ್ಚು ಬಯಸಬೇಡಿ.

ಹಣ ಉಳಿಸುವ ಜಾಗ ಬೇರೆ ಇದೆ. ಎರಡೂ ಒಂದೇ ಟೈರ್ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ, ತುಳಿತದ ಬಲವೂ ಅದರ ಮೇಲೆಯೇ. ಆದ್ದರಿಂದ ಸವೆಯುವುದೂ ಚುಚ್ಚಿಸಿಕೊಳ್ಳುವುದೂ ಅದೇ. ಗಟ್ಟಿ ಟೈರ್ ಹಿಂದಕ್ಕೆ ಹಾಕಿ, ಮುಂದಕ್ಕೆ ಹಿಡಿತ ಚೆನ್ನಾಗಿರುವ ಅಗ್ಗದ್ದು ಸಾಕು. ಮಡಚುವ ಟೈರ್ ಬೇಡ, ಅಂಚಿಗೆ ಉಕ್ಕಿನ ತಂತಿಯಿರುವುದನ್ನೇ ಕೇಳಿ. ಕೆಲವು ಹತ್ತು ಗ್ರಾಂ ಹೆಚ್ಚು ತೂಗುತ್ತದೆ, ಬೆಲೆ ಇಳಿಯುತ್ತದೆ.

ಸಾಧ್ಯವಾದರೆ 25 ಬಿಟ್ಟು 28 ಮಿ.ಮೀ. ಅಗಲಕ್ಕೆ ಹೋಗಿ. ಹಳೆಯ ರಿಮ್ ಬ್ರೇಕ್ ಚೌಕಟ್ಟುಗಳಲ್ಲಿ ಅದು ಹಿಡಿಯದಿರಬಹುದು. ಈಗಿನ ಟೈರಿಗೂ ಬ್ರೇಕಿನ ತಳಕ್ಕೂ ನಡುವೆ 6 ಮಿ.ಮೀ. ಅಲೆನ್ ಕೀ ಸಲೀಸಾಗಿ ತೂರುತ್ತದೆಯೇ ನೋಡಿ. ತೂರಿದರೆ ಧೈರ್ಯವಾಗಿ ಕೊಳ್ಳಿ.

ಕನಕಪುರ ರಸ್ತೆ

ಫಿಟರ್ ಸಾಹೇಬರೇ, ಇಷ್ಟೆಲ್ಲ ಏಕೆ? ಟ್ಯೂಬ್‌ಲೆಸ್‌ಗೆ ಹೋದರೆ ಮುಳ್ಳೂ ಇಲ್ಲ ತಂತಿಯೂ ಇಲ್ಲ. ಒಳಗೆ ಸುರಿಯುವ ಸೀಲೆಂಟ್ ಎಂಬ ದ್ರವ ತೂತನ್ನು ತಾನೇ ಮುಚ್ಚುತ್ತದೆ.

ಜಾಲಹಳ್ಳಿ ಫಿಟರ್

ರಿಮ್ ಅದಕ್ಕೆಂದೇ ಮಾಡಿದ್ದಾಗಿರಬೇಕು. ಇವರ ಸೈಕಲ್ಲಿನದ್ದು ಅಂಥದ್ದಲ್ಲದಿದ್ದರೆ ಹೊಸ ಚಕ್ರ ಕೊಳ್ಳಬೇಕು. ಐದು ಸಾವಿರದ ಮಾತು ಅಲ್ಲಿಗೇ ಮುಗಿಯಿತು. ಸೀಲೆಂಟ್ ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ಸುರಿಯುತ್ತಿರಬೇಕು. ನಿಮಗೆ ಒಗ್ಗಿದೆ, ಸಂತೋಷ.

ಯಲಹಂಕದ ಬೆಳಗು

ಸರ್, ಟ್ಯೂಬ್‌ಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿದೆ. ಅಮ್ಮ ಬಚ್ಚಲಿನ ಬಾಗಿಲಲ್ಲಿ ನಿಂತು ಇದೇನು ಹೊಸ ವ್ರತ ಎಂದರು. ಹೆಚ್ಚಿನವು ಹೊರಮೈಯ ಸಣ್ಣ ತೂತು. ಆದರೆ ಒಂದರಲ್ಲಿ ನೀವು ಹೇಳಿದಂತೆ ಒಳಗಡೆ ಇದೆ! ರಿಮ್ ಟೇಪ್ ನೋಡಿದರೆ ಒಂದು ಕಡೆಗೆ ಸರಿದು ಎರಡು ಸ್ಪೋಕ್ ತೂತು ಕಾಣುತ್ತಿವೆ. ಟೈರನ್ನು ಒಳಗಿನಿಂದ ಬೆರಳಾಡಿಸಿ ಹುಡುಕಿದಾಗ ಏನೂ ಸಿಗಲಿಲ್ಲ.

ಅಲೆನ್ ಕೀ ಹಿಂದೆ ಆರಾಮವಾಗಿ ತೂರುತ್ತದೆ, ಮುಂದೆ ತಾಗುತ್ತದೆ. ಹಾಗಾದರೆ 28ರ ಆಸೆ ಬಿಡಬೇಕೆ? ಗಾಳಿ ಎಷ್ಟು ಹಾಕಬೇಕು?

ಜಾಲಹಳ್ಳಿ ಫಿಟರ್

ಬಿಡಬೇಕಿಲ್ಲ. ಹಿಂದಕ್ಕೆ 28, ಮುಂದಕ್ಕೆ 25. ಯಾರೂ ನಗುವುದಿಲ್ಲ, ನಕ್ಕರೆ ಅವರ ಟೈರಿನ ಬೆಲೆ ಕೇಳಿ.

ಬೆರಳು ಆಡಿಸಬೇಡಿ, ಕೊಯ್ದುಕೊಳ್ಳುತ್ತೀರಿ. ಹತ್ತಿಯ ಉಂಡೆಯನ್ನು ಟೈರಿನ ಒಳಮೈಯಲ್ಲಿ ಒಂದು ಸುತ್ತು ಒರೆಸಿ. ತಂತಿಯೆಳೆ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಚಿಮಟದಲ್ಲಿ ಹಿಡಿದು ಒಳಕ್ಕೋ ಹೊರಕ್ಕೋ ಎಳೆಯಿರಿ. ಇನ್ನು ಮುಂದೆ ಟೈರ್ ಕೂರಿಸುವಾಗ ಅದರ ಮೇಲಿನ ಹೆಸರು ವಾಲ್ವಿಗೆ ಸರಿಯಾಗಿ ಬರುವಂತೆ ಹೊಂದಿಸಿ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರೆ ಕಳ್ಳ ಸಿಗುತ್ತಾನೆ.

ಗಾಳಿ: ನಿಮ್ಮ ತೂಕಕ್ಕೆ ಹಿಂದಿನ 28ಕ್ಕೆ 70 ರಿಂದ 75 ಪಿಎಸ್‌ಐ, ಮುಂದಿನ 25ಕ್ಕೆ 75 ರಿಂದ 80. ಅಲ್ಲಿಂದ ಶುರುಮಾಡಿ ನಿಮ್ಮ ಕೈಗೆ ಒಗ್ಗುವಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಟೈರಿನ ಪಕ್ಕೆಯ ಮೇಲೆ ಬರೆದಿರುವ ಗರಿಷ್ಠ ಅಂಕಿ ಗರಿಷ್ಠ ಮಾತ್ರ, ಅಷ್ಟೂ ತುಂಬಿಸಿ ಎಂಬ ಆಜ್ಞೆಯಲ್ಲ. ಕಲ್ಲಿನಂತೆ ಬಿಗಿದ ಟೈರ್ ನಮ್ಮ ರಸ್ತೆಯಲ್ಲಿ ಜಿಗಿಯುತ್ತದೆ, ಗಾಜಿನ ಚೂರನ್ನೂ ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಟ್ಯೂಬಿನಿಂದ ಗಾಳಿ ತಾನಾಗಿಯೇ ಸೋರುತ್ತಿರುತ್ತದೆ, ಆದ್ದರಿಂದ ಮಾಪಕವಿರುವ ನೆಲದ ಪಂಪ್ ಒಂದು ಬೇಕೇ ಬೇಕು. ಪೆಟ್ರೋಲ್ ಬಂಕಿನ ಕೊಳವೆ ನಿಮ್ಮ ಸಣ್ಣ ವಾಲ್ವಿಗೆ, ಅಂದರೆ ಪ್ರೆಸ್ಟಾ ವಾಲ್ವಿಗೆ, ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಸಿಗುತ್ತದೆ. ತುರ್ತಿಗೆಂದು ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಬಜೆಟ್ಟಿಗೆ ಬಂದರೆ, ಹಿಂದಕ್ಕೆ ತಂತಿ ಅಂಚಿನ ಗೇಟರ್‌ಸ್ಕಿನ್ ಸಿಕ್ಕರೆ ಅದು, ಬೆಲೆ ಹೊಂದದಿದ್ದರೆ ಲುಗಾನೊ. ಮುಂದಕ್ಕೆ ಅಲ್ಟ್ರಾ ಸ್ಪೋರ್ಟ್. ಕೊಳ್ಳುವಾಗ ಪಕ್ಕೆಯನ್ನು ಬಗ್ಗಿಸಿ ಸಣ್ಣ ಬಿರುಕಿದೆಯೇ ನೋಡಿ. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಬ್ಬರ್ ರಿಯಾಯಿತಿಯಲ್ಲಿ ಬರುತ್ತದೆ. ಹಿಂದಿನದು ಸವೆದಾಗ ಹೊಸದನ್ನು ಹಿಂದಕ್ಕೆ ಹಾಕಿ. ಸವೆದ ಟೈರನ್ನು ಮಾತ್ರ ಎಂದಿಗೂ ಮುಂದಕ್ಕೆ ತರಬೇಡಿ. ಇಳಿಜಾರಿನಲ್ಲಿ ಹಿಂದಿನದು ಒಡೆದರೆ ಹೇಗೋ ಸಂಭಾಳಿಸಬಹುದು, ಮುಂದಿನದಾದರೆ ಆಗುವುದಿಲ್ಲ.

ಮೊದಲು ರಿಮ್ ಟೇಪ್. ಬಟ್ಟೆಯದ್ದು ತೆಗೆದುಕೊಳ್ಳಿ, ರಬ್ಬರಿನದ್ದು ಮತ್ತೆ ಸರಿಯುತ್ತದೆ.

ಯಲಹಂಕದ ಬೆಳಗು

ಟೇಪ್ ಇವತ್ತೇ ತಂದೆ. ಗೇಟರ್‌ಸ್ಕಿನ್ ತಂತಿ ಅಂಚಿನದ್ದು 28ರಲ್ಲಿ ಮುಂದಿನ ವಾರ ಬರುತ್ತದೆಯಂತೆ, ಕಾಯುತ್ತೇನೆ. ಹಳೆಯ ಹಿಂದಿನ ಟೈರನ್ನು ಗುಜರಿಗೆ ಹಾಕಲೇ?

ಜಾಲಹಳ್ಳಿ ಫಿಟರ್

ಹಾಕಿ, ಆದರೆ ಅದಕ್ಕೆ ಮೊದಲು ಕತ್ತರಿಯಿಂದ ಎರಡು ಇಂಚಿನ ತುಂಡೊಂದನ್ನು ಕತ್ತರಿಸಿ, ಅಂಚಿನ ತಂತಿ ತೆಗೆದು, ಸುತ್ತ ಉಪ್ಪು ಕಾಗದದಿಂದ ಉಜ್ಜಿ ತೆಳುವಾಗಿಸಿ ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಕೊಳ್ಳಿ. ಬ್ರೆವೆಯ ನಡುವೆ ಟೈರ್ ಸೀಳಿದರೆ ಒಳಗಿನಿಂದ ಅದನ್ನು ಇಟ್ಟು ಗಾಳಿ ತುಂಬಿಸಿದರೆ ಮನೆ ಸೇರಬಹುದು. ಎರಡು ಟ್ಯೂಬ್ ಜೊತೆಗಿರಲಿ, ಒಂದಲ್ಲ. ದೇವನಹಳ್ಳಿ ದಾಟಿದ ಮೇಲೆ ನಿಮ್ಮ ವಾಲ್ವಿನ ಟ್ಯೂಬ್ ಸಿಗುವುದು ಕಷ್ಟ.